ಮೊಣಕಾಲುದ್ದದ ಕುಣಿ

ಐಸು ಕರಗುತ್ತಿತ್ತು. ಗೋಣಿತಟ್ಟು, ಕಟ್ಟಿಗೆಪುಡಿ ಸುತ್ತಿಕೊಂಡು ವಾಡಿಯಿಂದ ಬೆಳಗಿನ ಪ್ಯಾಸೆಂಜರಿನಲ್ಲಿ ಬಂದಿದ್ದ ಗಡ್ಡೆಗಳು ಮರೆಮ್ಮನ ಹೆಣವಿದ್ದ ಮಂಚದ ಕೆಳಗೆ ಬೆಲ್ಲದಚ್ಚಿನಷ್ಟಾಗಿದ್ದವು. ನೀರು ಫರ್ಸಿಕಲ್ಲಿನ ಸಂದಿ ಹಿಡಿದು ಹೊಸ್ತಿಲಿನತ್ತ ಹರಿದು ಬಂತು. ಬಾಗಿಲಲ್ಲಿ ನಿಂತಿದ್ದ ಪಾಸ್ಟರ್ ಅಮೃತಪ್ಪನವರು ಚಪ್ಪಲಿ ತೋಯದಂತೆ ಒಂದು ಹೆಜ್ಜೆ ಹಿಂದೆ ಸರಿದರು. ಸರಿದದ್ದನ್ನು ನಾಗೇಂದ್ರಪ್ಪ ನೋಡಿದ.

"ಸರೀರಿ, ಸರೀರಿ. ಈಸ್ಟರ್ ಹಬ್ಬದಿಂದ ನೀವು ಹಿಂದಕ್ಕ ಸರಕೋತನೇ ಬಂದೀರಿ," ಎಂದ.

ಅವನು ಸತ್ತವಳ ಮಗ. ಸಿಮೆಂಟ್ ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಗುಮಾಸ್ತ, ಚರ್ಚಿನ ಸಭೆಯ ಒಂದು ಪಕ್ಷಕ್ಕೆ ಮುಖ್ಯಸ್ಥ. ಅಂಥವನು ಅಂಥ ಹೊತ್ತಿನಲ್ಲಿ ಏನಂದರೂ ಕೇಳಿಕೊಳ್ಳಬೇಕು. ಅಮೃತಪ್ಪನವರು ಕೇಳಿಕೊಂಡರು. ಕೇಳಿಕೊಳ್ಳುವುದಕ್ಕೆಂದೇ ಅವರನ್ನು ಶಹಾಬಾದಿಗೆ ಕಳಿಸಿದ್ದರು. ಸುಲೇಪೇಟದಲ್ಲಿ ಬಾವಿಯ ಸಲುವಾಗಿ ಸಭೆ ಒಡೆದಾಗ, ಸೇಡಂನಲ್ಲಿ ಹಾರ್ಮೋನಿಯಂ ಯಾರ ಮನೆಯಲ್ಲಿರಬೇಕೆಂದು ಅಣ್ಣತಮ್ಮಂದಿರು ಕೊರಳಪಟ್ಟಿ ಹಿಡಿದಾಗ, ಅವರು ಎರಡೂ ಕಡೆಯವರ ನಡುವೆ ಸುಮ್ಮನೆ ಕೂತಿದ್ದರು. ಬೈಯುವವರಿಗೆ ದಣಿವಾಗುವವರೆಗೆ ಕೂತಿದ್ದರು. "ನಿಮ್ಮಷ್ಟು ಶಾಂತ ಮನುಷ್ಯ ನಮ್ಮಲ್ಲಿ ಇನ್ನೊಬ್ಬರಿಲ್ಲ" ಎಂದು ಮೇಲಿನವರು ಬೆನ್ನು ತಟ್ಟಿ, ಅದಕ್ಕೆ ಶಿಕ್ಷೆಯೆಂಬಂತೆ ಇಲ್ಲಿಗೆ ವರ್ಗ ಮಾಡಿದ್ದರು. ಈ ಶಾಂತಿಯ ಒಳಗೆ ಒಂದು ಹೊಟ್ಟೆಹುಣ್ಣೂ, ಎರಡು ನಡುಗುವ ಕೈಗಳೂ ಇದ್ದದ್ದು ಹೆಂಡತಿ ಸುಂದರಬಾಯಿಗೆ ಮಾತ್ರ ಗೊತ್ತಿತ್ತು. ಕೈಗಳನ್ನು ಅವರು ಸದಾ ಕೋಟಿನ ಜೇಬಿನಲ್ಲಿಟ್ಟುಕೊಂಡಿರುತ್ತಿದ್ದರು. ಸಭೆಯವರು ಅದನ್ನು ಗಾಂಭೀರ್ಯವೆಂದು ತಿಳಿದಿದ್ದರು.

"ಫ್ಯಾಕ್ಟರಿದು ನಾಲ್ಕರ ಭೋಂಗಾ ಕೂಗಿದಮ್ಯಾಲ ಗುಲಾಮ್ ರಸೂಲ್ ಬರ್ತಾನ," ಎಂದ ನಾಗೇಂದ್ರಪ್ಪ. "ಮದ್ದಿಟ್ಟು ಆ ಅರ್ಧ ಕಡಿದ ಕುಣಿ ಹಾರಸ್ತಾನ. ಅವ್ವನ್ನ ಹೊತ್ತು ಮುಣಗೂದ್ರಾಗ ಮಣ್ಣಾಗ ಇಡ್ತೀನಿ. ನೀವು ಬಂದು ಓದೂದಿದ್ರ ಓದ್ರಿ, ಇಲ್ಲಂದ್ರ ನಾನೇ ಓದ್ತೀನಿ. ನನಗೂ ಅಕ್ಷರ ಬರ್ತಾವ."

"ಬಾಜೂಕನೇ ಹಣಮಪ್ಪನ ಮಗ ಅಂಬರಾಯನ ಕುಣಿ ಅದಲ್ಲಪ್ಪ."

"ಅದಕ್ಕ ನಮ್ಮವ್ವ ಇಲ್ಲಿ ಕೊಳೀಬೇಕೇನ್ರಿ?" ನಾಗೇಂದ್ರಪ್ಪ ಮಂಚದತ್ತ ಕೈ ಮಾಡಿದ. "ಮುಟ್ಟಿ ನೋಡ್ರಿ ಆಕಿ ಕಾಲು. ನಿನ್ನಿ ಮಧ್ಯಾಹ್ನದಿಂದ ಹಿಂಗ ಮಲಗ್ಯಾಳ. ವಾಸನಿ ಬರಬಾರ್ದಂತ ಮನಿ ಮಂದೆಲ್ಲ ಊದಿನಕಡ್ಡಿ ಹಚ್ಚಿಕೋತ ಕುಂತೀವಿ. ಏನ್ ಪಾಪ ಮಾಡಿದ್ಲ್ರಿ ನಮ್ಮವ್ವ?"

ಅಮೃತಪ್ಪನವರಿಗೆ ಇದಕ್ಕೆ ಉತ್ತರ ಗೊತ್ತಿತ್ತು. ಪಾಪ ಮಾಡಿದ್ದು ಬೆಂಚು.

ಶಹಾಬಾದಿನಲ್ಲಿ ಸಾಯುವುದು ಸುಲಭ, ಹೂಳುವುದು ಕಷ್ಟ. ಗೇಣು ಮಣ್ಣು ಕೆರೆದರೆ ಹಾಸುಗಲ್ಲು ಸಿಗುತ್ತದೆ, ಅದರ ಕೆಳಗೆ ಇನ್ನೊಂದು ಹಾಸುಗಲ್ಲು. ಹೆಣ ಮನೆಯಲ್ಲಿಟ್ಟುಕೊಂಡು ಕಲ್ಲು ಕಡಿಯುವುದಾಗುವುದಿಲ್ಲವೆಂದು ಈ ಸಭೆಯ ಹಿರಿಯರು ಎಂದೋ ಒಂದು ಪದ್ಧತಿ ಮಾಡಿದ್ದರು. ಯಾವಾಗಲೂ ಒಂದು ಕುಣಿ ಕಡಿದು ತಯಾರಿರಬೇಕು. ಒಬ್ಬರನ್ನು ಅದರಲ್ಲಿಟ್ಟು ಮುಚ್ಚಿದ ಮೇಲೆ, ಸತ್ತವರ ಮನೆಯವನು ಬಾಜೂಕಿನ ಜಾಗದಲ್ಲಿ ಚಾಣದ ಉಳಿಯಿಟ್ಟು ಸುತ್ತಿಗೆಯಿಂದ ಮೂರು ಏಟು ಹಾಕಬೇಕು. ಮುಂದೆ ಸಾಯುವವರ ಕುಣಿಗೆ ಅದೇ ಪ್ರಾರಂಭ. ಉಳಿದದ್ದನ್ನು ಖಣಿಯಲ್ಲಿ ಕೆಲಸ ಮಾಡುವ ಸಭೆಯವರು ಪ್ರತಿ ಭಾನುವಾರ ಪ್ರಾರ್ಥನೆ ಮುಗಿಸಿ ಬಂದು ಅಷ್ಟಷ್ಟು ಕಡಿಯುತ್ತಿದ್ದರು. ಯಾರಿಗೆಂದು ಗೊತ್ತಿಲ್ಲದ ಕುಣಿ. ತಮಗೇ ಇದ್ದರೂ ಇರಬಹುದೆಂದು ಸಾಕಷ್ಟು ಆಳ, ಅಂಚು ನೀಟು.

ಹೋಳಿಯ ಹೊತ್ತಿಗೆ ಖಣಿಯ ಮೇಸ್ತ್ರಿ ಹಣಮಪ್ಪನ ಮಗ ಅಂಬರಾಯ ಸುರಂಗದ ಮದ್ದು ಸಿಡಿದು ಸತ್ತ. ತಯಾರಿದ್ದ ಕುಣಿ ಅವನಿಗೆ ಹೋಯಿತು. ಹಣಮಪ್ಪ ಅಳದೆ ಮೂರು ಏಟು ಹಾಕಿದ. ಹೊಸ ಕುಣಿ ಮೊಣಕಾಲುದ್ದ ಇಳಿಯುವಷ್ಟರಲ್ಲಿ ಈಸ್ಟರ್ ಬಂತು, ನಾಗೇಂದ್ರಪ್ಪನ ಪಕ್ಷದ ಫ್ಯಾಕ್ಟರಿ ಕಾಲೊನಿಯವರು ಮಾಡಿಸಿದ ಹೊಸ ಸಾಗವಾನಿ ಬೆಂಚುಗಳೂ ಬಂದವು. ಅಲ್ಲಿಯವರೆಗೆ ಚರ್ಚಿನಲ್ಲಿ ಎಲ್ಲರೂ ಜಮಖಾನೆಯ ಮೇಲೆ ಕೂರುತ್ತಿದ್ದರು. ಈಗ ಬೆಂಚು ಮುಂದೆ, ಜಮಖಾನೆ ಹಿಂದೆ. ಕಲ್ಲುಪುಡಿ ಹತ್ತಿದ ಧೋತರದವರು ಬೆಂಚಿನ ಮೇಲೆ ಕೂರಬಾರದೆಂದು ಯಾರೂ ಹೇಳಲಿಲ್ಲ. ಯಾರೂ ಹೇಳದಿದ್ದುದನ್ನು ಖಣಿಯವರು ಸ್ಪಷ್ಟವಾಗಿ ಕೇಳಿಸಿಕೊಂಡರು. ಮುಂದಿನ ಭಾನುವಾರ ಬೆಂಚುಗಳು ಹೊರಗೆ ಬೇವಿನ ಮರದ ಕೆಳಗಿದ್ದವು. ಅದರ ಮುಂದಿನ ಭಾನುವಾರ ಒಬ್ಬನ ತಲೆ ಒಡೆದಿತ್ತು. ಅಮೃತಪ್ಪನವರು ಎರಡು ಭಾನುವಾರವೂ ಕ್ಷಮೆಯ ಮೇಲೆ ಪ್ರಸಂಗ ಮಾಡಿದರು. ಅದು ಎದುರಿನವರಿಗೆ ಹೇಳಿದ್ದೆಂದು ಎರಡೂ ಕಡೆಯವರು ತಲೆದೂಗಿದರು.

ಆಮೇಲೆ ಖಣಿಯವರು ಕಲ್ಲು ಮೀಟುವ ಹಾರಿಗಳನ್ನು ಕೆಳಗಿಟ್ಟರು. ಬೆಂಚಿನವರು ತಮ್ಮ ಕುಣಿ ತಾವೇ ಕಡಿದುಕೊಳ್ಳಲಿ ಎಂದರು. ಸಾವು ತಮ್ಮ ಕೇರಿಗೇ ಮೊದಲು ಬರಬಹುದಲ್ಲ ಎಂಬುದು ಆ ಸಿಟ್ಟಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಊರಿನ ಬೇರೆ ಕಲ್ಲುಕೆಲಸದವರೂ ಹಣಮಪ್ಪನ ಮಾತು ಮೀರಿ ಬರಲಿಲ್ಲ.

"ಭೋಂಗಾ ಆಗೂದ್ರಾಗ ನಾ ಹಣಮಪ್ಪನ ಹಂತ್ಯಾಕ ಹೋಗಿ ಬರ್ತೀನಿ," ಎಂದರು ಅಮೃತಪ್ಪನವರು.

"ಹೋಗಿ ಬರ್ರಿ. ನಿಮ್ಮ ಕೆಲಸನೇ ಅದ, ಹೋಗೂದು, ಬರೂದು," ಎಂದ ನಾಗೇಂದ್ರಪ್ಪ. ಆಮೇಲೆ ತಾಯಿಯ ಕಾಲಿನ ಮೇಲೆ ಒದ್ದೆ ಪಂಚೆ ಸರಿಪಡಿಸಿದ.

ಮೇ ತಿಂಗಳ ಬಿಸಿಲು. ಖಣಿಯ ದಾರಿಯಲ್ಲಿ ಕಲ್ಲಿನ ಚೂರುಗಳು ಕಾದ ಹಂಚಿನಂತೆ ಕಾಲಿಗೆ ರಾಚುತ್ತಿದ್ದವು. ಅಮೃತಪ್ಪನವರು ಕೊಡೆಯ ನೆರಳಿನಲ್ಲಿ ನಡೆಯುತ್ತ ಪ್ರಾರ್ಥನೆ ಮಾಡಲು ನೋಡಿದರು. ಬಾಯಿಗೆ ಬಂದದ್ದು ಒಂದೇ ಮಾತು: ಗುಲಬರ್ಗಾದ ಗಾಡಿ ಎಷ್ಟು ಹೊತ್ತಿಗೆ? ಹತ್ತಿ ಕೂತರೆ ಯಾರು ಏನು ಮಾಡಿಯಾರು? ದೇವರ ಎದುರು ರೈಲಿನ ವೇಳೆ ಕೇಳುತ್ತಿರುವುದು ತಿಳಿದು ಅವರು ಪ್ರಾರ್ಥನೆ ನಿಲ್ಲಿಸಿದರು.

ಹಣಮಪ್ಪ ಗುಡಿಸಲಿನ ಮುಂದೆ ಫರ್ಸಿ ಹೊದಿಸಿದ ಚಪ್ಪರದಲ್ಲಿ ಚಾಣ ಮಸೆಯುತ್ತಿದ್ದ. ದೀಕ್ಷಾಸ್ನಾನದಲ್ಲಿ ಅವನಿಗೆ ಯೋಹಾನನೆಂದು ಹೆಸರಿಟ್ಟಿದ್ದರು, ಖಣಿ ಅದನ್ನು ಒಪ್ಪಿರಲಿಲ್ಲ. ಸಭೆಯ ಎರಡು ಪಕ್ಷಗಳನ್ನು ಹೀಗೆ ಒಬ್ಬ ಹನುಮಂತನೂ ಒಬ್ಬ ನಾಗೇಂದ್ರನೂ ನಡೆಸುತ್ತಿರುವುದು ಅಮೃತಪ್ಪನವರಿಗೆ ಬೇರೆ ದಿನಗಳಲ್ಲಿ ನಗು ತರುತ್ತಿತ್ತು.

"ಬರ್ರಿ ಅಯ್ನೋರ, ಕುಂದ್ರಿ," ಎಂದ ಹಣಮಪ್ಪ. "ನಮ್ಮಲ್ಲಿ ಬೆಂಚಿಲ್ಲ ನೋಡ್ರಿ, ಏನೂ ಅಂದ್ಕೋಬ್ಯಾಡ್ರಿ."

ಅಮೃತಪ್ಪನವರು ಕಲ್ಲಿನ ಮೇಲೆ ಕೂತರು. "ಹಣಮಪ್ಪ, ಮರೆಮ್ಮ ನಿಮ್ಮ ಕೇರಿಯಾಗೇ ಬಾಳ್ವಿ ಮಾಡಿದಾಕಿ."

"ಯಾರು ಇಲ್ಲಂದ್ರು? ನನ್ನ ಲಗ್ನದಾಗ ಅರಿಶಿಣ ಹಚ್ಚಿದಾಕಿ. ಸಾಯೂತನ ಜಮಖಾನಿ ಮ್ಯಾಲೆ ಕುಂತ್ಲು, ಮಗನ ಬೆಂಚು ಮುಟ್ಟಲಿಲ್ಲ. ಆದ್ರ ಮಗ ಬಂದು ಕೇಳಲಿ."

"ತಾಯಿ ಹೆಣ ಮುಂದಿಟ್ಕೊಂಡಾನ, ಹ್ಯಾಂಗ ಬರ್ತಾನ?"

"ನನ್ನ ಮಗನ ಹೆಣ ಮುಂದಿಟ್ಕೊಂಡು ನಾ ಕುಂತಾಗ ಅಂವ ಬಂದಿದ್ದ. ಬಂದವನೇ ಏನಂದ? ಕುರ್ಚಿ ಇಲ್ಲೇನ್ ಅಂದ." ಹಣಮಪ್ಪ ಚಾಣದ ಮೊನೆಯನ್ನು ಹೆಬ್ಬೆರಳಿನಿಂದ ನೋಡಿದ. "ಈಗ ಮದ್ದಿಡ್ತಾನಂತ. ಮದ್ದಿಗೆ ಸತ್ತವನ ಬಾಜೂಕ ಮದ್ದು. ಇಡ್ಲಿ. ನಮ್ಮ ಹುಡುಗ್ರು ಹಾರಿ ಹಿಡಕೊಂಡೇ ಬರ್ತಾರ. ಆಮ್ಯಾಲ ಒಂದು ಕುಣಿ ಸಾಲೂದಿಲ್ಲ ಅಯ್ನೋರ, ಹೇಳಿರ್ತೀನಿ."

ಅಮೃತಪ್ಪನವರು ಎಂದಿನಂತೆ ಸುಮ್ಮನೆ ಕೂತರು. ಇಲ್ಲಿಯವರೆಗೆ ಅದು ಕೆಲಸ ಮಾಡಿತ್ತು. ಹಣಮಪ್ಪನೂ ಸುಮ್ಮನೆ ಕೂತ. ಕಲ್ಲಿನೊಂದಿಗೆ ಐವತ್ತು ವರ್ಷ ಕಳೆದವನು; ಸುಮ್ಮನೆ ಕೂರುವುದರಲ್ಲಿ ಪಾಸ್ಟರಿಗಿಂತ ಒಂದು ಕೈ ಮೇಲು. ದೂರದಲ್ಲಿ ಗೂಡ್ಸ್ ಗಾಡಿಯೊಂದು ಕೂಗಿ ಹೋಯಿತು. ಹೊತ್ತು ಇಳಿಯುತ್ತಿತ್ತು, ಐಸು ಕರಗುತ್ತಿತ್ತು.

ಹಣಮಪ್ಪನ ಹೆಂಡತಿ ಗುಂಡಮ್ಮ ತಂಬಿಗೆಯಲ್ಲಿ ನೀರು ತಂದು ಕೊಟ್ಟಳು. ಮಗ ಸತ್ತಂದಿನಿಂದ ಅವಳು ಸಭೆಗೂ ಬಂದಿರಲಿಲ್ಲ, ಯಾರ ಜೊತೆಗೂ ಮಾತಾಡಿರಲಿಲ್ಲ. ಅಮೃತಪ್ಪನವರು ಎರಡೂ ಕೈಯಿಂದ ತಂಬಿಗೆ ಹಿಡಿದರು. ಆದರೂ ನೀರು ಕೋಟಿನ ಮೇಲೆ ಚೆಲ್ಲಿತು. ಅವಳು ಆ ಕೈಗಳನ್ನು ನೋಡಿದಳು.

"ಎಷ್ಟು ಆಳ ಆಗ್ಯಾದ್ರಿ ಅದು?" ಎಂದು ಕೇಳಿದಳು.

ಅಮೃತಪ್ಪನವರಿಗೆ ಗೊತ್ತಿರಲಿಲ್ಲ. ಇಷ್ಟು ದಿನ ಆ ಕುಣಿಯ ಸಲುವಾಗಿ ಪ್ರಾರ್ಥನೆ ಮಾಡಿದ್ದರು, ಹೋಗಿ ನೋಡಿರಲಿಲ್ಲ.

"ಮೊಣಕಾಲ ಮಟ," ಎಂದ ಹಣಮಪ್ಪ ತಲೆ ಎತ್ತದೆ. "ನಿನಗ್ಯಾಕ ಬೇಕು? ಒಳಗ ನಡಿ."

ಕುಣಿ ನೋಡಲು ಹೊರಟವರಿಗೆ ಸ್ಮಶಾನದ ದಾರಿಯಲ್ಲಿ ಸುಂದರಬಾಯಿ ಎದುರಾದಳು. ಕಲಾಯಿ ಹಾಕಿದ ಹಿತ್ತಾಳೆ ಡಬ್ಬಿಯಲ್ಲಿ ಮಜ್ಜಿಗೆ ತಂದಿದ್ದಳು. ಬೆಳಗಿನಿಂದ ಗಂಡನ ಹೊಟ್ಟೆಗೆ ಏನೂ ಬಿದ್ದಿಲ್ಲವೆಂದು ಅವಳಿಗೆ ಲೆಕ್ಕವಿತ್ತು.

"ಏನಂದ್ರು?"

"ಏನೂ ಇಲ್ಲ."

"ನೀವೇನಂದ್ರಿ?"

"ಏನೂ ಇಲ್ಲ."

"ಬರೋಬ್ಬರಿ ಆಯ್ತು," ಎಂದಳು ಸುಂದರಬಾಯಿ. "ಮುಂದ?"

ಅಮೃತಪ್ಪನವರು ಮಜ್ಜಿಗೆಯ ಡಬ್ಬಿಯನ್ನು ಹಾಗೇ ಹಿಂದಕ್ಕೆ ಕೊಟ್ಟರು. "ನನಗ ಗೊತ್ತಾಗವಲ್ದು ಸುಂದರಾ," ಎಂದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಈ ಮಾತು ಅವಳು ಕೇಳಿರಲಿಲ್ಲ. ಬಿಸಿಲಿನಲ್ಲಿ ಡಬ್ಬಿ ಹಿಡಿದು ನಿಂತೇ ಇದ್ದಳು, ಗಂಡ ಸ್ಮಶಾನದ ಗೇಟು ದಾಟುವವರೆಗೆ.

ಕುಣಿ ಅಂಬರಾಯನ ಗೋರಿಯಿಂದ ಮಾರು ದೂರದಲ್ಲಿತ್ತು. ನಾಲ್ಕು ಮೂಲೆ ನೀಟಾಗಿ ಕಡಿದ ಕಲ್ಲಿನ ತೊಟ್ಟಿ, ಒಳಗೆ ಬೇವಿನೆಲೆ, ಒಂದು ಬೀಡಿ ಕಟ್ಟಿನ ಕಾಗದ. ಅಮೃತಪ್ಪನವರು ಕೊಡೆ ಮಡಚಿ ಅಂಚಿನಲ್ಲಿಟ್ಟು ಒಳಗೆ ಇಳಿದರು. ಹೌದು, ಮೊಣಕಾಲಿನ ಮಟ. ಇಷ್ಟು ತಿಳಿಯಲು ಇಳಿಯಬೇಕಾಗಿತ್ತೆಂದೇನಿಲ್ಲ. ಆದರೆ ಇಳಿದ ಮೇಲೆ ಹತ್ತುವುದಕ್ಕೆ ಕಾರಣ ಹೊಳೆಯಲಿಲ್ಲ. ಭೋಂಗಾ ಆದಾಗ ಅವರು ಅಲ್ಲೇ ನಿಂತಿದ್ದರು.

ಮೊದಲು ಗುಲಾಮ್ ರಸೂಲ್ ಬಂದ. ಹೆಗಲಿಗೆ ಮದ್ದಿನ ಚೀಲ, ತಲೆಗೆ ಒದ್ದೆ ವಸ್ತ್ರ. ಊರಾಚೆಯ ಬೇರೊಂದು ಖಣಿಯಲ್ಲಿ ಮದ್ದು ಹಾರಿಸುವವನು. ಅವನ ಹಿಂದೆ ನಾಗೇಂದ್ರಪ್ಪ ಮತ್ತು ಕಾಲೊನಿಯ ಗಂಡಸರು. ಕುಣಿಯ ಹತ್ತಿರ ಬಂದ ಗುಲಾಮ್ ರಸೂಲ್ ನಿಂತುಬಿಟ್ಟ.

"ಸಲಾಂ ಪಾದ್ರಿ ಸಾಬ್. ಸ್ವಲ್ಪ ಮ್ಯಾಲೆ ಬರ್ತೀರ್‍ಯಾ? ನಾ ಕೆಲಸ ಸುರು ಮಾಡಬೇಕು."

ಅಮೃತಪ್ಪನವರು ಅವನನ್ನು ನೋಡಿದರು. ಮೇಲೆ ಹತ್ತಲಿಲ್ಲ.

"ಇವ್ರು ಒಳಗಿದ್ರ ನಾ ಹ್ಯಾಂಗ ಬತ್ತಿ ಹಚ್ಚಲಿ ನಾಗೇಂದ್ರಪ್ಪಾ?" ಎಂದ ಗುಲಾಮ್ ರಸೂಲ್ ಹಿಂದಕ್ಕೆ ತಿರುಗಿ. "ಪಾದ್ರಿನ್ನ ಹಾರಿಸಿದ್ರ ನಾನು ಖಯಾಮತ್ ತನಕ ಜವಾಬು ಕೊಡಬೇಕಾಗ್ತದ. ಅದೂ ನಿಮ್ಮವರಿಗೆ ಬ್ಯಾರೆ, ನಮ್ಮವರಿಗೆ ಬ್ಯಾರೆ." ಚೀಲ ಕೆಳಗಿಡದೆ, ಪಕ್ಕದ ಗೋರಿಯ ಕಡೆ ಗದ್ದ ತೋರಿಸಿದ. "ಮತ್ತ ಇದು ಅಂಬರಾಯನ್ದಂತ ನೀ ಹೇಳಲೇ ಇಲ್ಲಲ್ಲ? ಅವನ ಮಯ್ಯತ್ತಿಗೆ ನಾನೂ ಮಣ್ಣು ಹಾಕೀನಿ."

ಅಷ್ಟರಲ್ಲಿ ಗೇಟಿನಿಂದ ಖಣಿಯವರು ಬಂದರು. ಹೇಳಿದಂತೆಯೇ ಹಾರಿ ಹಿಡಿದುಕೊಂಡು, ಹಣಮಪ್ಪ ಮುಂದೆ, ಹೆಂಗಸರು ಹಿಂದೆ. ಕುಣಿಯ ಆ ಕಡೆ ಅವರು, ಈ ಕಡೆ ಇವರು. ನಡುವೆ ಮೊಣಕಾಲುದ್ದ ಕೆಳಗೆ ಪಾಸ್ಟರು.

"ಮದ್ದಿಡೋ ಮಗ ಯಾರವ? ಮುಂದ ಬಾ ನೋಡೋಣ!"

"ಏ ಹಣಮ್ಯಾ, ಇದು ಸಭೆ ಜಾಗ, ನಿಮ್ಮಪ್ಪನ ಖಣಿ ಅಲ್ಲ!" ಎಂದ ನಾಗೇಂದ್ರಪ್ಪ.

"ಖಣಿ ಇಲ್ದೇ ನೀ ಗುಮಾಸ್ತ ಆದ್ಯಾ? ನಿಮ್ಮಪ್ಪ ಇದೇ ಹಾರಿ ಹಿಡಿದು ನಿನಗ ಸಾಲಿ ಕಲಿಸ್ಯಾನ!"

"ನಮ್ಮವ್ವ ಕೊಳೀಲಿಕತ್ಯಾಳೋ!" ನಾಗೇಂದ್ರಪ್ಪ ಕಿರುಚಿದ. ಟೈಮ್ ಆಫೀಸಿನ ದನಿ ಅದಾಗಿರಲಿಲ್ಲ. "ಕೊಳೀಲಿಕತ್ಯಾಳ!"

ಒಂದು ಹಾರಿ ಮೇಲೆದ್ದಿತು. ಯಾರೋ ಕಲ್ಲು ಹೆಕ್ಕಿದರು. ಈಗ ಪಾಸ್ಟರು ಏನಾದರೂ ಹೇಳಬೇಕೆಂದು ಎಲ್ಲರಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ತುಟಿ ತೆರೆದರು. ಮತ್ತೆ ಮುಚ್ಚಿದರು. ಜೇಬಿನಲ್ಲಿ ಕೈಗಳು ಹಿಡಿತಕ್ಕೆ ಸಿಗದೆ ಕುಣಿಯುತ್ತಿದ್ದವು. ಅವರು ನಿಧಾನವಾಗಿ ಕೂತರು. ಕೂರುವುದೂ ಸಾಲದಾಯಿತು. ಬೇವಿನೆಲೆಯ ಮೇಲೆ ಬೆನ್ನು ಚಾಚಿ, ಕುಣಿಯ ಉದ್ದಕ್ಕೆ ಮಲಗಿಬಿಟ್ಟರು.

ಮೇಲಿನ ಗದ್ದಲ ನಿಂತಿತು.

ಕಲ್ಲು ಬೆನ್ನಿಗೆ ತಂಪಾಗಿತ್ತು. ಮೇ ತಿಂಗಳ ಶಹಾಬಾದಿನಲ್ಲಿ ಇಷ್ಟು ತಂಪು ಇನ್ನೆಲ್ಲಿಯೂ ಇರಲಿಲ್ಲ. ಮುಖಗಳ ಸಾಲಿನ ನಡುವೆ ಆಕಾಶ ಉದ್ದನೆಯ ಪಟ್ಟಿಯಾಗಿ ಕಂಡಿತು, ಅದರಲ್ಲಿ ಒಂದು ಹದ್ದು. ಇಲ್ಲಿ ಬೆಂಚಿಲ್ಲ, ಜಮಖಾನೆಯಿಲ್ಲ. ಯಾರೂ ಇಲ್ಲಿಗೆ ಬಂದು ಅಯ್ನೋರ ಒಂದು ಮಾತು ಎನ್ನುವುದಿಲ್ಲ. ಏಳಬಾರದು, ಎಂದುಕೊಂಡರು ಅಮೃತಪ್ಪನವರು. ಮೇಲಿನಿಂದ ಮಣ್ಣು ಹಾಕಿದರೆ ಹಾಕಲಿ. ಈ ಯೋಚನೆಯಲ್ಲಿ ಹೆದರಿಕೆಯೇ ಇರಲಿಲ್ಲ. ಅವರ ಕೈ ನಡುಕ ನಿಂತುಹೋಗಿತ್ತು.

ಮೇಲಿನವರಿಗೆ ಕಂಡದ್ದು ಬೇರೆ. ಪಾಸ್ಟರ ಹೊಟ್ಟೆ, ಮೂಗು, ಚಪ್ಪಲಿಯ ತುದಿ ಅಂಚಿಗಿಂತ ಗೇಣು ಮಾತ್ರ ಕೆಳಗಿದ್ದವು. ಇದರಲ್ಲಿ ಯಾರನ್ನಿಟ್ಟರೂ ಬೆಳಗಾಗುವುದರೊಳಗೆ ನಾಯಿಗಳು ಎಳೆದು ಹಾಕುತ್ತವೆ ಎಂಬುದನ್ನು ಬಾಯಿಬಿಟ್ಟು ಹೇಳುವ ಅವಶ್ಯವಿರಲಿಲ್ಲ. ಹಿಂದೆ ಯಾರೋ ಒಬ್ಬ ಕಿಸಕ್ಕೆಂದು ನಕ್ಕ, ಪಕ್ಕದವನು ಅವನ ಬೆನ್ನಿಗೆ ಗುದ್ದಿದ.

ಗುಂಡಮ್ಮ ಗಂಡಸರನ್ನು ಸರಿಸಿಕೊಂಡು ಅಂಚಿಗೆ ಬಂದಳು.

"ಏಳ್ರಿ ಅಯ್ನೋರ," ಎಂದಳು. "ಜೀವಂತ ಇದ್ದೋರು ಮಲಗಬಾರ್ದ್ರಿ ಅಲ್ಲಿ."

ಅವರು ಏಳಲಿಲ್ಲ. ಅವಳು ಬಗ್ಗಿ ಅವರ ತೋಳು ಹಿಡಿದಳು. ಕಲ್ಲು ಹೊತ್ತು ಒರಟಾದ ಕೈ, ಹಿಡಿದರೆ ಬಿಡುವಂಥದಲ್ಲ.

"ಏಳ್ರೀ ಯಪ್ಪಾ. ನನ್ನ ಮಗನ್ನ ಹಿಂಗೇ ನೋಡೀನಿ. ಮತ್ತ ತೋರಿಸಬ್ಯಾಡ್ರಿ."

ಅಮೃತಪ್ಪನವರು ಎದ್ದರು. ಎದ್ದು ಮೇಲೆ ಹತ್ತಿದ ಜಾಗದಲ್ಲೇ ಗುಂಡಮ್ಮ ಸೀರೆ ಕಚ್ಚೆ ಬಿಗಿದು ಕೆಳಗಿಳಿದಳು. ಗಂಡನ ಕೈಯೊಳಗಿನ ಹಾರಿಯನ್ನು ಕಿತ್ತುಕೊಂಡು ಪದರದ ಸಂದಿಗೆ ಚುಚ್ಚಿ ಮೀಟಿದಳು. ಒಂದು ಚಪ್ಪಡಿಯ ತುದಿ ಎದ್ದಿತು. ಅವಳೊಬ್ಬಳಿಂದ ಅದು ಏಳುವಂತಿರಲಿಲ್ಲ.

ಹಣಮಪ್ಪ ಹೆಂಡತಿಯನ್ನು ನೋಡುತ್ತ ನಿಂತ. "ಬೆಂಚಿನವರ ಸಲುವಾಗಿ ಅಲ್ಲ ಮತ್ತ," ಎಂದ ಕಡೆಗೆ, ಯಾರ ಮುಖವನ್ನೂ ನೋಡದೆ. "ಮರೆಮ್ಮನ ಸಲುವಾಗಿ. ಬೆಂಚು ಹೊರಗೇ ಇರ್ತಾವ."

"ಬೆಂಚು ಒಳಗೇ ಬರ್ತಾವ," ಎಂದ ನಾಗೇಂದ್ರಪ್ಪ ಮೆಲ್ಲಗೆ. ಆದರೆ ಅದು ಅಭ್ಯಾಸದ ಮಾತು, ಯಾರೂ ಹಿಡಿದುಕೊಳ್ಳಲಿಲ್ಲ.

ಹಣಮಪ್ಪ ಇಳಿದ. ಅವನ ಹಿಂದೆ ಇನ್ನಿಬ್ಬರು. ಉಳಿದವರು ಎದ್ದ ಚಪ್ಪಡಿಗಳನ್ನು ಮೇಲಿನಿಂದ ಎಳೆದರು. ಗುಲಾಮ್ ರಸೂಲ್ ಮದ್ದಿನ ಚೀಲವನ್ನು ದೂರದ ಬೇವಿನ ಕೊಂಬೆಗೆ ತೂಗುಹಾಕಿ, ಅಂಗಿ ಬಿಚ್ಚಿ ಬಂದು ನಿಂತ. ಕಾಲೊನಿಯವರು ಹೆಣ ತರಲು ಹೋದರು. ಮಾತಿಲ್ಲದೆ ಕಲ್ಲು ಎದ್ದಿತು. ಸೊಂಟದ ಮಟ ಆಗುವಷ್ಟರಲ್ಲಿ ಬಿಸಿಲು ಕೆಂಪಾಗಿತ್ತು. ಅಮೃತಪ್ಪನವರು ಓದಿದರು, ಮಣ್ಣಿಗೆ ಮಣ್ಣು ಎಂದರು. ಆ ಊರಿನಲ್ಲಿ ಆ ಮಾತು ಯಾವಾಗಲೂ ಸ್ವಲ್ಪ ಸುಳ್ಳು; ಹಾಕಿದ್ದು ಹೆಚ್ಚಾಗಿ ಕಲ್ಲೇ. ಮರೆಮ್ಮನ ಮೇಲೆ ಚಪ್ಪಡಿ ಮುಚ್ಚಿದರು.

ಈಗ ಪದ್ಧತಿಯ ಮೂರು ಏಟು ಉಳಿದಿದ್ದವು. ಹಣಮಪ್ಪ ಇದ್ದಲಿನಿಂದ ಬಾಜೂಕಿನ ಹಾಸುಗಲ್ಲಿನ ಮೇಲೆ ಚೌಕ ಗೆರೆ ಎಳೆದ. ಸುತ್ತಿಗೆಯನ್ನೂ ಚಾಣವನ್ನೂ ಗೆರೆಯ ಪಕ್ಕ ನೆಲದ ಮೇಲಿಟ್ಟ. ಕೈಗೆ ಕೊಡಲಿಲ್ಲ. ನಾಗೇಂದ್ರಪ್ಪ ಅವುಗಳನ್ನು ನೋಡುತ್ತ ನಿಂತ. ಬಗ್ಗಿ ಎತ್ತಿಕೊಳ್ಳಬೇಕಾಗಿತ್ತು. ಹಣಮಪ್ಪನ ಕಾಲ ಬುಡದಲ್ಲಿದ್ದವು.

ಎಲ್ಲರೂ ಪಾಸ್ಟರ ಕಡೆ ನೋಡಿದರು. ಕುಣಿಯಲ್ಲಿ ಮಲಗಿ ಅವರು ಮಾಡಿದ್ದು ಎಂಥ ಶಾಂತಿಯ ಉಪಾಯವೆಂಬ ಮಾತು ಆಗಲೇ ಗುಂಪಿನಲ್ಲಿ ಹುಟ್ಟಿತ್ತು. ಅದು ಮುಂದೆ ಚಿಂಚೋಳಿಯವರೆಗೂ ಹೋಗುವುದಿತ್ತು. ಅಮೃತಪ್ಪನವರು ಕೊಡೆ ತೆಗೆದುಕೊಂಡರು. ಅವರಲ್ಲಿ ಇನ್ನೊಂದು ಉಪಾಯವಿರಲಿಲ್ಲ. ಎಲ್ಲರಿಗೂ ಕೈಮುಗಿದು ಗೇಟಿನತ್ತ ನಡೆದರು.

ಸುಂದರಬಾಯಿ ಗೇಟಿನಲ್ಲಿ ನಿಂತಿದ್ದಳು, ಅದೇ ಡಬ್ಬಿ ಹಿಡಿದು.

"ತಿರುಗ್ರಿ," ಎಂದಳು. ಅವರು ತಿರುಗಿದರು, ಅವಳಿಗೆ ಬೆನ್ನು ಕೊಟ್ಟು. ಕೋಟಿನ ಬೆನ್ನ ತುಂಬ ಕಲ್ಲುಪುಡಿ ಹತ್ತಿತ್ತು. ಅವಳು ಸೆರಗಿನಿಂದ ಮೆಲ್ಲಗೆ ಕೊಡವತೊಡಗಿದಳು.

"ಒಂದು ಮಾತು ಕೇಳ್ಲ್ಯಾ? ಅಲ್ಲಿ ಮಲಗಿದ್ರಲ್ಲ. ಖರೆ ಹೇಳ್ರಿ, ಏಳೂ ಮನಸಿತ್ತೇನು?"

ಅಮೃತಪ್ಪನವರು ಕಣ್ಣು ಮುಚ್ಚಿ ನಿಂತಿದ್ದರು. ಜೇಬಿನಿಂದ ಒಂದು ಕೈ ಹೊರಗೆ ಬಂದು ಹಿಂದಕ್ಕೆ ಚಾಚಿತು. ಅದು ಮತ್ತೆ ನಡುಗುತ್ತಿತ್ತು. ಸುಂದರಬಾಯಿ ಡಬ್ಬಿ ಕೆಳಗಿಟ್ಟು ಆ ಕೈ ಹಿಡಿದುಕೊಂಡಳು, ಇನ್ನೊಂದು ಕೈಯಿಂದ ಕೊಡವುತ್ತಲೇ ಇದ್ದಳು.

ಸ್ಮಶಾನದೊಳಗಿನಿಂದ ಟಣ್ಣೆಂದು ಒಂದು ಏಟು ಕೇಳಿತು. ವಾರೆಯಾಗಿ ಬಿದ್ದ, ಕಲ್ಲಿನ ಮೇಲೆ ಜಾರಿದ, ಕಲ್ಲುಕೆಲಸ ಅರಿಯದ ಕೈಯ ಏಟು.

ಸುಂದರಬಾಯಿಯ ಕೈ ನಿಂತಿತು. ಅಮೃತಪ್ಪನವರು ಕಣ್ಣು ತೆರೆಯಲಿಲ್ಲ. ಇಬ್ಬರೂ ಎರಡನೆಯದಕ್ಕೆ ಕಾದು ನಿಂತರು.